ಜ್ಞಾನದಾಸೋಹಿ ಸರ್ ಆಶುತೋಷ ಮುಖರ್ಜಿ

ದಾಸೋಹವೆಂಬುದು ಶರಣಧರ್ಮದ ಜೀವಾಳವು. ಹಸಿದು ಬಂದವನ ಕುಲಗೋತ್ರಗಳನ್ನು ಕೇಳದೆ ಅನ್ನವಿಕ್ಕುವುದು ಅನ್ನದಾಸೋಹವಾದರೆ, ಅರಿವಿಗಾಗಿ ಹಸಿದವನಿಗೆ ಅರಿವಿನ ಸಾಧನಗಳನ್ನು ಒದಗಿಸುವುದು ಜ್ಞಾನದಾಸೋಹವು. ಮಠದ ಪ್ರಸಾದನಿಲಯದಲ್ಲಿ ಕಾಳುಕಡಿ ಕೊಟ್ಟ ಭಕ್ತನನ್ನು ಜನರು ನೆನೆಯುವರು. ರುಚಿಯಾಗಿ ಪಾಕಮಾಡಿದವನನ್ನೂ ಹೊಗಳುವರು. ಆದರೆ ಬಂದ ಕಾಳನ್ನು ಅಳೆದು ಇರಿಸಿಕೊಂಡು, ನಾಳೆಗೆ ಇಲ್ಲವೆಂಬ ಮಾತು ಬಾರದಂತೆ ನೋಡಿಕೊಳ್ಳುವ ಉಗ್ರಾಣಿಯ ಹೆಸರನ್ನು ಎತ್ತುವವರು ವಿರಳ. ವಿದ್ಯಾಕ್ಷೇತ್ರದಲ್ಲಿಯೂ ಹಾಗೆಯೇ. ದಾನಿಯ ಹೆಸರು ಶಿಲೆಯ ಮೇಲೆ ನಿಲ್ಲುವುದು; ಸಂಶೋಧಕನ ಹೆಸರು ಗ್ರಂಥಗಳಲ್ಲಿ ಉಳಿಯುವುದು. ಇವರಿಬ್ಬರ ನಡುವೆ ನಿಂತು, ಹಣವನ್ನು ತಂದು, ಯೋಗ್ಯರನ್ನು ಹುಡುಕಿ, ಅವರ ಕೆಲಸಕ್ಕೆ ಹೊರಗಿನ ಬಾಧೆ ತಟ್ಟದಂತೆ ಕಾಯುವವನ ಕಾಯಕವು ಲೋಕದ ಕಣ್ಣಿಗೆ ಸುಲಭವಾಗಿ ಬೀಳುವುದಿಲ್ಲ. ಭಾರತದ ವಿಶ್ವವಿದ್ಯಾನಿಲಯಗಳಲ್ಲಿ ಈ ಕಾಯಕವನ್ನು ಮೊದಲು ದೊಡ್ಡ ಪ್ರಮಾಣದಲ್ಲಿ ನಡೆಯಿಸಿ ತೋರಿಸಿದ ಮಹನೀಯರು ಕಲಕತ್ತೆಯ ಸರ್ ಆಶುತೋಷ ಮುಖರ್ಜಿಯವರು.

ಆಶುತೋಷರು 1864ನೆಯ ಇಸವಿಯ ಜೂನ್ 29ರಂದು ಕಲಕತ್ತೆಯಲ್ಲಿ ಜನಿಸಿದರು. ತಂದೆ ಗಂಗಾಪ್ರಸಾದ ಮುಖೋಪಾಧ್ಯಾಯರು ಹೆಸರಾಂತ ವೈದ್ಯರು. ತಾಯಿ ಜಗತ್ತಾರಿಣೀದೇವಿಯವರು ದೃಢವಾದ ಮನಸ್ಸಿನವರು. ಬಾಲ್ಯದಿಂದಲೂ ಆಶುತೋಷರಿಗೆ ಗಣಿತದಲ್ಲಿ ಅಸಾಧಾರಣವಾದ ಒಲವು. ಪ್ರೆಸಿಡೆನ್ಸಿ ಕಾಲೇಜಿನ ವಿದ್ಯಾರ್ಥಿಯಾಗಿದ್ದಾಗಲೇ ಯೂಕ್ಲಿಡನ ಒಂದು ಪ್ರಮೇಯಕ್ಕೆ ಹೊಸ ಸಾಧನೆಯನ್ನು ಬರೆದರು. ಅದು ಇಂಗ್ಲೆಂಡಿನ ಗಣಿತಪತ್ರಿಕೆಯೊಂದರಲ್ಲಿ ಪ್ರಕಟವಾಯಿತು. 1884ರಲ್ಲಿ ಬಿ. ಎ. ಪರೀಕ್ಷೆಯಲ್ಲಿ ಮೊದಲಿಗರಾದರು. 1885ರಲ್ಲಿ ಗಣಿತದಲ್ಲಿಯೂ, ಮರುವರುಷ ಭೌತವಿಜ್ಞಾನದಲ್ಲಿಯೂ ಎಂ. ಎ. ಪದವಿಗಳನ್ನು ಪಡೆದರಲ್ಲದೆ, ಅಂದಿನ ಅತ್ಯುನ್ನತ ಗೌರವವಾಗಿದ್ದ ಪ್ರೇಮಚಂದ ರಾಯಚಂದ ವಿದ್ಯಾರ್ಥಿವೇತನವನ್ನೂ ಸಂಪಾದಿಸಿದರು. ಶಂಕುಚ್ಛೇದಗಳಿಗೆ ಸಂಬಂಧಿಸಿದ ಮೋಂಜನ ಸಮೀಕರಣವನ್ನು ಕುರಿತು ಅವರು ಬರೆದ ಲೇಖನವು ವಿದ್ವಾಂಸರ ಮೆಚ್ಚುಗೆಯನ್ನು ಪಡೆಯಿತು.

ಇಂತಹ ಪ್ರತಿಭಾಶಾಲಿಯು ಗಣಿತದ ಸಂಶೋಧನೆಯಲ್ಲಿಯೇ ಆಯುಷ್ಯವನ್ನು ಕಳೆಯಬೇಕೆಂದು ಬಯಸಿದುದು ಸಹಜವೇ. ಆದರೆ ಆ ಕಾಲದ ವಿದ್ಯಾಖಾತೆಯಲ್ಲಿ ಭಾರತೀಯನಿಗೆ ಒಂದು ಮಾನ, ಯುರೋಪಿಯನನಿಗೆ ಮತ್ತೊಂದು ಮಾನವಿದ್ದಿತು. ಸಮಾನ ಕೆಲಸಕ್ಕೆ ಕೀಳು ದರ್ಜೆಯ ಸ್ಥಾನವನ್ನು ಒಪ್ಪಲು ಆಶುತೋಷರ ಸ್ವಾಭಿಮಾನವು ಬಿಡಲಿಲ್ಲ. ಕಲಕತ್ತಾ ವಿಶ್ವವಿದ್ಯಾನಿಲಯದ ಮೊದಲ ಭಾರತೀಯ ಉಪಕುಲಪತಿಗಳಾದ ಗುರುದಾಸ ಬ್ಯಾನರ್ಜಿಯವರು, ಈ ತರುಣನು ಗಣಿತವನ್ನು ಬಿಡಬಾರದೆಂದು ಅವನಿಗಾಗಿ ಒಂದು ಸಂಶೋಧನಪೀಠವನ್ನು ಸ್ಥಾಪಿಸಲು ಹಣ ಕೂಡಿಸುವ ಯತ್ನವನ್ನು ಮಾಡಿದರು. ಬೇಕಾದಷ್ಟು ಹಣವು ಕೂಡಲಿಲ್ಲ. ಆಶುತೋಷರು ನ್ಯಾಯವಾದಿಯ ವೃತ್ತಿಯನ್ನು ಹಿಡಿದರು. ಭಾರತವು ಒಬ್ಬ ಗಣಿತಜ್ಞನನ್ನು ಕಳೆದುಕೊಂಡಿತು. ಆದರೆ ತನಗೆ ದೊರೆಯದ ಆಸರೆಯು ಮುಂದಿನವರಿಗೆ ದೊರೆಯದೆ ಹೋಗಬಾರದೆಂಬ ಸಂಕಲ್ಪವು ಅವರ ಮುಂದಿನ ಜೀವಿತದ ಒಂದೊಂದು ಕಾರ್ಯದಲ್ಲಿಯೂ ಎದ್ದು ಕಾಣುತ್ತದೆ. ದೊರೆಯದುದಕ್ಕಾಗಿ ಕಹಿಯಾಗುವವರು ಲೋಕದಲ್ಲಿ ಅನೇಕರು; ಅದನ್ನೇ ಪರರಿಗೆ ದೊರಕಿಸಿಕೊಡಲು ಹೊರಡುವವರು ಕೆಲವರೇ.

1888ರಲ್ಲಿ ಅವರು ಕಲಕತ್ತೆಯ ಹೈಕೋರ್ಟಿನಲ್ಲಿ ವಕೀಲಿಯನ್ನು ಆರಂಭಿಸಿದರು. 1894ರಲ್ಲಿ ಕಾಯಿದೆಯ ಡಾಕ್ಟರ್ ಪದವಿಯನ್ನು ಪಡೆದರು. 1904ರಲ್ಲಿ ಹೈಕೋರ್ಟಿನ ನ್ಯಾಯಾಧೀಶರಾಗಿ, 1923ರ ವರೆಗೆ ಆ ಪೀಠವನ್ನು ಅಲಂಕರಿಸಿದರು. ಇಷ್ಟಾದರೂ ಅವರ ಮನಸ್ಸು ವಿಶ್ವವಿದ್ಯಾನಿಲಯದಲ್ಲಿಯೇ ನೆಲೆಸಿದ್ದಿತು. 1889ರಲ್ಲಿ, ಇಪ್ಪತ್ತೈದರ ಪ್ರಾಯದಲ್ಲಿಯೇ, ಅವರು ಸಿಂಡಿಕೇಟಿನ ಸದಸ್ಯರಾದರು. ಅಲ್ಲಿಂದ ಮುಂದೆ ವಿಶ್ವವಿದ್ಯಾನಿಲಯದ ನಿಯಮ, ಲೆಕ್ಕ, ಪಠ್ಯಕ್ರಮ, ಪರೀಕ್ಷೆ ಇವುಗಳಲ್ಲಿ ಅವರಿಗೆ ತಿಳಿಯದ ವಿಷಯವೇ ಇರಲಿಲ್ಲವೆನ್ನಬಹುದು.

ಆಗಿನ ವಿಶ್ವವಿದ್ಯಾನಿಲಯದ ಸ್ಥಿತಿಯನ್ನು ತಿಳಿದಲ್ಲದೆ ಅವರ ಕಾರ್ಯದ ಹಿರಿಮೆಯು ಮನಸ್ಸಿಗೆ ಬಾರದು. 1857ರಲ್ಲಿ ಸ್ಥಾಪಿತವಾದ ಕಲಕತ್ತಾ ವಿಶ್ವವಿದ್ಯಾನಿಲಯವು ಐವತ್ತು ವರುಷಗಳ ಕಾಲ ಮುಖ್ಯವಾಗಿ ಪರೀಕ್ಷೆಗಳನ್ನು ನಡೆಯಿಸಿ ಪದವಿಗಳನ್ನು ಹಂಚುವ ಕಚೇರಿಯಾಗಿದ್ದಿತು. ಪಾಠವನ್ನು ಹೇಳುವುದು ಕಾಲೇಜುಗಳ ಕೆಲಸ. ಹೊಸ ಜ್ಞಾನವನ್ನು ಹುಟ್ಟಿಸುವುದು ಯಾರ ಕೆಲಸವೂ ಆಗಿರಲಿಲ್ಲ. 1904ರ ವಿಶ್ವವಿದ್ಯಾನಿಲಯಗಳ ಕಾಯಿದೆಯು ಬಂದಾಗ, ಇದು ಸರಕಾರದ ಹಿಡಿತವನ್ನು ಬಿಗಿಗೊಳಿಸುವ ಉಪಾಯವೆಂದು ದೇಶಾಭಿಮಾನಿಗಳು ಶಂಕಿಸಿದರು. ಆ ಶಂಕೆಯು ನಿರಾಧಾರವಾಗಿರಲಿಲ್ಲ. ಆದರೆ ಅದೇ ಕಾಯಿದೆಯಲ್ಲಿ, ವಿಶ್ವವಿದ್ಯಾನಿಲಯವು ತಾನೇ ಪ್ರಾಧ್ಯಾಪಕರನ್ನು ನೇಮಿಸಬಹುದು, ಪ್ರಯೋಗಶಾಲೆ ಗ್ರಂಥಾಲಯಗಳನ್ನು ಕಟ್ಟಬಹುದು, ಸಂಶೋಧನೆಯನ್ನು ಬೆಳೆಯಿಸಬಹುದು ಎಂಬ ಅವಕಾಶವಿದ್ದಿತು. 1906ರಲ್ಲಿ ಉಪಕುಲಪತಿಗಳಾದ ಆಶುತೋಷರು ಆ ಸಣ್ಣ ಬಾಗಿಲಿನಿಂದಲೇ ಒಂದು ಹೊಸ ವಿದ್ಯಾಲೋಕವನ್ನು ಒಳಗೆ ತಂದರು.

ಉಪಕುಲಪತಿಯ ಸ್ಥಾನಕ್ಕೆ ಆಗ ವೇತನವಿರಲಿಲ್ಲ. ಹಗಲೆಲ್ಲ ನ್ಯಾಯಪೀಠದಲ್ಲಿ ಕುಳಿತು, ಸಂಜೆ ವಿಶ್ವವಿದ್ಯಾನಿಲಯದ ಸಭೆಗಳನ್ನು ನಡೆಯಿಸುವುದು ಅವರ ದಿನಚರಿಯಾಯಿತು. 1906ರಿಂದ 1914ರ ವರೆಗೆ, ಒಂದಾದಮೇಲೊಂದರಂತೆ ನಾಲ್ಕು ಅವಧಿಗಳ ಕಾಲ, ಈ ಭಾರವನ್ನು ಅವರು ಹೊತ್ತರು. ಅರ್ಥಶಾಸ್ತ್ರಕ್ಕೆ ಮಿಂಟೋ ಪೀಠ, ತತ್ವಶಾಸ್ತ್ರಕ್ಕೆ ಐದನೆಯ ಜಾರ್ಜ್ ಪೀಠ, ಉನ್ನತ ಗಣಿತಕ್ಕೆ ಹಾರ್ಡಿಂಜ್ ಪೀಠ, ಪ್ರಾಚೀನ ಭಾರತದ ಇತಿಹಾಸ ಸಂಸ್ಕೃತಿಗಳಿಗೆ ಕಾರ್ಮೈಕಲ್ ಪೀಠ, ಹೀಗೆ ಪ್ರಾಧ್ಯಾಪಕಪೀಠಗಳು ಒಂದೊಂದಾಗಿ ಏರ್ಪಟ್ಟವು. ವೈಸರಾಯ ಗವರ್ನರರ ಹೆಸರುಗಳನ್ನು ಪೀಠಗಳಿಗೆ ಇರಿಸಿ ಸರಕಾರದ ಮನಸ್ಸನ್ನು ಒಲಿಸಿಕೊಂಡರೆಂದು ಕೆಲವರು ನಕ್ಕರು. ಹೆಸರು ಯಾರದಾದರೇನು, ಪೀಠದಲ್ಲಿ ಕುಳಿತವನು ವಿದ್ವಾಂಸನಾಗಿರಬೇಕೆಂಬುದೇ ಆಶುತೋಷರ ನೀತಿಯಾಗಿದ್ದಿತು.

ವಿಜ್ಞಾನಕ್ಕೆ ಬೇಕಾದ ಹಣವು ಸರಕಾರದಿಂದ ಬರುವಂತಿರಲಿಲ್ಲ. ಅದು ಬಂದುದು ಇಬ್ಬರು ನ್ಯಾಯವಾದಿಗಳಿಂದ. ಸರ್ ತಾರಕನಾಥ ಪಾಲಿತರು 1912ರಲ್ಲಿ ಭೂಮಿ, ಮನೆ, ಹಣ ಎಲ್ಲವೂ ಸೇರಿ ಸುಮಾರು 15 ಲಕ್ಷ ರೂಪಾಯಿಗಳ ಸ್ವತ್ತನ್ನು ವಿಶ್ವವಿದ್ಯಾನಿಲಯಕ್ಕೆ ಅರ್ಪಿಸಿದರು. ಭೌತವಿಜ್ಞಾನ ಮತ್ತು ರಸಾಯನಶಾಸ್ತ್ರಗಳಿಗೆ ಎರಡು ಪೀಠಗಳು ಅದರಿಂದ ಏರ್ಪಟ್ಟವು. ಆಶುತೋಷರು ತಾರುಣ್ಯದಲ್ಲಿ ಯಾರ ಬಳಿಯಲ್ಲಿ ವಕೀಲಿಯ ಅಭ್ಯಾಸವನ್ನು ಮಾಡಿದ್ದರೋ ಆ ಸರ್ ರಾಸಬಿಹಾರಿ ಘೋಷರು 1913ರಲ್ಲಿ 10 ಲಕ್ಷ ರೂಪಾಯಿಗಳನ್ನು ಕೊಟ್ಟರು. ಅದರಿಂದ ಪ್ರಯುಕ್ತ ಗಣಿತ, ಭೌತವಿಜ್ಞಾನ, ರಸಾಯನಶಾಸ್ತ್ರ, ಸಸ್ಯಶಾಸ್ತ್ರಗಳಿಗೆ ನಾಲ್ಕು ಪೀಠಗಳೂ, ಸಂಶೋಧನೆಯನ್ನು ಮಾಡುವ ತರುಣರಿಗೆ ಎಂಟು ವಿದ್ಯಾರ್ಥಿವೇತನಗಳೂ ಸ್ಥಾಪಿತವಾದವು. ಈ ಪೀಠಗಳಲ್ಲಿ ಭಾರತೀಯರೇ ಕುಳಿತುಕೊಳ್ಳತಕ್ಕದ್ದೆಂದು ದಾನಿಗಳು ವಿಧಿಸಿದ್ದರು. ಪಾಲಿತರ ದತ್ತಿಗೆ ಮತ್ತೊಂದು ನಿಬಂಧನೆಯಿದ್ದಿತು: ಕಟ್ಟಡ ಪ್ರಯೋಗಶಾಲೆಗಳಿಗಾಗಿ ವಿಶ್ವವಿದ್ಯಾನಿಲಯವೂ ತನ್ನ ನಿಧಿಯಿಂದ ಎರಡೂವರೆ ಲಕ್ಷ ರೂಪಾಯಿಗಳನ್ನು ತೆಗೆದಿರಿಸಬೇಕು. ಆಶುತೋಷರು ಇವೆರಡನ್ನೂ ಸಂತೋಷದಿಂದ ಒಪ್ಪಿಸಿದರು. ಒಂದು ನಿಬಂಧನೆಯು ಮುಚ್ಚಿದ್ದ ಬಾಗಿಲನ್ನು ಭಾರತೀಯರಿಗೆ ತೆರೆಯುತ್ತಿದ್ದಿತು. ಇನ್ನೊಂದು, ಪಡೆಯುವವನೂ ಕೊಡಬೇಕೆಂಬ ಸದ್ಧರ್ಮವನ್ನು ಕಲಿಸುತ್ತಿದ್ದಿತು.

1914ರ ಮಾರ್ಚ್ 27ರಂದು ವಿಜ್ಞಾನ ಕಾಲೇಜಿನ ಅಡಿಗಲ್ಲನ್ನು ಆಶುತೋಷರೇ ಇರಿಸಿದರು. ಅವರ ಅವಧಿಯು ಮುಗಿಯಲು ಆಗ ಕೆಲವೇ ದಿನಗಳು ಉಳಿದಿದ್ದವು. ಅಧಿಕಾರವನ್ನು ಬಿಟ್ಟರೂ ಅವರು ಕಾರ್ಯವನ್ನು ಬಿಡಲಿಲ್ಲ.

ಕಟ್ಟಡವನ್ನು ಹಣವು ಕಟ್ಟೀತು; ಅದರೊಳಗೆ ಕುಳಿತುಕೊಳ್ಳುವವರನ್ನು ಹುಡುಕುವುದಕ್ಕೆ ಕಣ್ಣು ಬೇಕು. ರಸಾಯನಶಾಸ್ತ್ರದ ಪಾಲಿತ ಪೀಠಕ್ಕೆ ಆಚಾರ್ಯ ಪ್ರಫುಲ್ಲಚಂದ್ರ ರಾಯರನ್ನು ಆಶುತೋಷರು ಕರೆತಂದರು. ಪ್ರೆಸಿಡೆನ್ಸಿ ಕಾಲೇಜಿನ ಸೇವೆಯನ್ನು ಮುಗಿಸಿ 1916ರಲ್ಲಿ ಬಂದ ರಾಯರು ವಿಜ್ಞಾನ ಕಾಲೇಜಿನ ಒಂದು ಕೋಣೆಯಲ್ಲಿಯೇ ವಾಸಮಾಡಿದರು; ಅರುವತ್ತು ವರುಷ ತುಂಬಿದ ಬಳಿಕ ತಮ್ಮ ವೇತನವನ್ನೆಲ್ಲ ವಿಶ್ವವಿದ್ಯಾನಿಲಯದ ರಸಾಯನ ವಿಭಾಗಕ್ಕೇ ಮರಳಿ ಕೊಟ್ಟರು. ಭೌತವಿಜ್ಞಾನದ ಪೀಠಕ್ಕೆ ಆರಿಸಿದುದು ಇನ್ನೂ ಆಶ್ಚರ್ಯಕರವಾದುದು. ಚಂದ್ರಶೇಖರ ವೆಂಕಟರಾಮನ್ನರು ಆಗ ಕಲಕತ್ತೆಯಲ್ಲಿ ಸರಕಾರದ ಹಣಕಾಸಿನ ಖಾತೆಯ ಅಧಿಕಾರಿಗಳು. ಕಚೇರಿಗೆ ಹೋಗುವ ಮೊದಲೂ, ಹಿಂದಿರುಗಿದ ತರುವಾಯವೂ, ಬೌಬಜಾರದ ವಿಜ್ಞಾನಪರಿಷತ್ತಿನ ಪ್ರಯೋಗಶಾಲೆಯಲ್ಲಿ ಅವರು ತಮ್ಮಷ್ಟಕ್ಕೆ ಶೋಧನೆ ನಡೆಯಿಸುತ್ತಿದ್ದರು. ಅವರಿಗೆ ವಿದೇಶದ ಶಿಕ್ಷಣವಿರಲಿಲ್ಲ. ಪೀಠಕ್ಕಾಗಿ ಹೊರದೇಶಕ್ಕೆ ಹೋಗಿ ಕಲಿತು ಬರಲು ಅವರು ಒಪ್ಪಲೂ ಇಲ್ಲ. ನಿಯಮದ ಅಕ್ಷರವನ್ನು ಹಿಡಿದು ಕುಳಿತಿದ್ದರೆ ಆ ಪೀಠವು ಅವರಿಗೆ ಸಲ್ಲುತ್ತಿರಲಿಲ್ಲ. ಆಶುತೋಷರು ನಿಯಮವನ್ನು ಸಡಿಲಿಸಿ ಮನುಷ್ಯನನ್ನು ಉಳಿಸಿಕೊಂಡರು. ಹೆಚ್ಚಿನ ಸಂಬಳದ ಸರಕಾರಿ ಕೆಲಸವನ್ನು ಬಿಟ್ಟು ರಾಮನ್ನರು 1917ರಲ್ಲಿ ಪಾಲಿತ ಪ್ರಾಧ್ಯಾಪಕರಾದರು.

ಪ್ರಸಿದ್ಧರನ್ನು ಕರೆದು ಗೌರವಿಸುವುದು ಸುಲಭ; ಹೆಸರಿಲ್ಲದ ತರುಣರನ್ನು ನಂಬುವುದು ಕಠಿನ. ಮೇಘನಾದ ಸಾಹಾ, ಸತ್ಯೇಂದ್ರನಾಥ ಬಸು ಎಂಬ ಇಬ್ಬರು ತರುಣರು ಗಣಿತದ ಎಂ. ಎಸ್‌ಸಿ. ಪದವಿಯನ್ನು ಪಡೆದು ವರುಷವೊಂದು ಕಳೆಯುವುದರೊಳಗಾಗಿ, 1916ರಲ್ಲಿ, ಆಶುತೋಷರು ಅವರನ್ನು ವಿಜ್ಞಾನ ಕಾಲೇಜಿನ ಅಧ್ಯಾಪಕರನ್ನಾಗಿ ಸೇರಿಸಿಕೊಂಡರು. ಯುರೋಪಿನಲ್ಲಿ ಆಗತಾನೆ ತಲೆಯೆತ್ತುತ್ತಿದ್ದ ನೂತನ ಭೌತಶಾಸ್ತ್ರವನ್ನು ಇಲ್ಲಿ ಕಲಿಸಬೇಕೆಂಬುದು ಅವರಿಗೆ ವಹಿಸಿದ ಕೆಲಸ. ಮಹಾಯುದ್ಧದ ಕಾಲವಾದುದರಿಂದ ಜರ್ಮನಿಯ ಗ್ರಂಥಗಳು ದೊರೆಯುತ್ತಿರಲಿಲ್ಲ. ತರುಣರು ಜರ್ಮನ್ ಭಾಷೆಯನ್ನು ಕಲಿತು, ಎರವಲು ತಂದ ಪುಸ್ತಕಗಳನ್ನು ಓದಿ, ತಾವು ಕಲಿತುದನ್ನು ಕಲಿಸುತ್ತ ಹೋದರು. ಐನ್‌ಸ್ಟೈನರ ಸಾಪೇಕ್ಷತಾಸಿದ್ಧಾಂತದ ಮೂಲಲೇಖನಗಳನ್ನು ಅವರಿಬ್ಬರೂ ಇಂಗ್ಲಿಷಿಗೆ ಪರಿವರ್ತಿಸಿದರು. 1920ರಲ್ಲಿ ವಿಶ್ವವಿದ್ಯಾನಿಲಯವೇ ಆ ಗ್ರಂಥವನ್ನು ಪ್ರಕಟಿಸಿತು. ಅದೇ ವರುಷ ಸಾಹಾರವರು ನಕ್ಷತ್ರಗಳ ಬೆಳಕಿನಿಂದ ಅವುಗಳ ಉಷ್ಣತೆಯನ್ನು ಅರಿಯಲು ಸಹಾಯಕವಾದ ತಮ್ಮ ಪ್ರಸಿದ್ಧ ಸಮೀಕರಣವನ್ನು ಲೋಕದ ಮುಂದಿರಿಸಿದರು.

ಆಶುತೋಷರ ದೃಷ್ಟಿಯು ವಿಜ್ಞಾನದಲ್ಲಿಯೇ ನಿಂತಿರಲಿಲ್ಲ. ಗೋವೆಯ ಧರ್ಮಾನಂದ ಕೋಸಂಬಿಯವರಿಂದ ಪಾಲೀ ಭಾಷೆಯ ಪಾಠವನ್ನು ಹೇಳಿಸಿದರು. ಟಿಬೇಟೀ ಭಾಷೆಯ ಅಭ್ಯಾಸಕ್ಕೂ ಏರ್ಪಾಡು ಮಾಡಿದರು. ಕಾರ್ಮೈಕಲ್ ಪೀಠಕ್ಕೆ ಮಹಾರಾಷ್ಟ್ರದ ದೇವದತ್ತ ಭಂಡಾರ್ಕರರು ಬಂದರು. ಬಂಗಾಲೀ ಸಾಹಿತ್ಯದ ಹಳೆಯ ಓಲೆಗಳನ್ನು ಹಳ್ಳಿಹಳ್ಳಿಗಳಲ್ಲಿ ಹುಡುಕಿ ತಂದ ದಿನೇಶಚಂದ್ರ ಸೇನರಿಗೆ ಸಂಶೋಧನವೃತ್ತಿಯನ್ನು ಕೊಟ್ಟು ನೆಮ್ಮದಿಯಿಂದ ಬರೆಯುವಂತೆ ಮಾಡಿದರು. 1919ರಲ್ಲಿ ದೇಶಭಾಷೆಗಳಲ್ಲಿ ಎಂ. ಎ. ತರಗತಿಗಳನ್ನು ಏರ್ಪಡಿಸಿ, ತಾಯ್ನುಡಿಯು ಉನ್ನತ ವಿದ್ಯೆಗೆ ಅರ್ಹವಲ್ಲವೆಂಬ ಅಪವಾದವನ್ನು ತೊಡೆದುಹಾಕಿದರು. ಸಂಸ್ಕೃತದ ಸೆರಗಿನಲ್ಲಿಯೋ ಇಂಗ್ಲಿಷಿನ ನೆರಳಿನಲ್ಲಿಯೋ ದೇಶಭಾಷೆಗಳು ಅಡಗಿ ಕುಳಿತಿದ್ದ ಆ ಕಾಲದಲ್ಲಿ ಇದು ಸಣ್ಣ ಕಾರ್ಯವಲ್ಲ. ಅನುಭಾವಿಗಳ ತಿರುಳನ್ನೆಲ್ಲ ತಾಯ್ನುಡಿಯಲ್ಲಿಯೇ ಪಡೆದ ಕನ್ನಡಿಗರು ಇದರ ಮಹತ್ವವನ್ನು ಬೇಗನೆ ಅರಿಯಬಲ್ಲರು.

ವ್ಯಕ್ತಿಗಳ ಮೇಲಿನ ಪ್ರೀತಿಯು ವ್ಯವಸ್ಥೆಯಾಗಿ ನೆಲೆಗೊಳ್ಳದಿದ್ದರೆ ಅದು ವ್ಯಕ್ತಿಯೊಡನೆಯೇ ಅಳಿಯುವುದು. ಇದನ್ನರಿತ ಆಶುತೋಷರು 1917ರಲ್ಲಿ ಸ್ನಾತಕೋತ್ತರ ಬೋಧನೆಯನ್ನು ಚದರಿದ ಕಾಲೇಜುಗಳಿಂದ ತಂದು ವಿಶ್ವವಿದ್ಯಾನಿಲಯದ ನೇರವಾದ ಆಡಳಿತದಲ್ಲಿ ಸೇರಿಸಿದರು. ಕಲೆಗಳಿಗೊಂದು, ವಿಜ್ಞಾನಕ್ಕೊಂದು ಪರಿಷತ್ತು ಏರ್ಪಟ್ಟು, ಆಶುತೋಷರೇ ಅವುಗಳ ಅಧ್ಯಕ್ಷರಾದರು. ಪಾಠವನ್ನು ಹೇಳುವವರೇ ಆ ಪರಿಷತ್ತುಗಳಲ್ಲಿ ಕುಳಿತು ಪಠ್ಯಕ್ರಮವನ್ನೂ ಪರೀಕ್ಷೆಯನ್ನೂ ಗೊತ್ತುಪಡಿಸುವಂತಾಯಿತು. ವಿದ್ವಾಂಸರ ಶೋಧನೆಗಳನ್ನು ಅಚ್ಚು ಹಾಕಲು ವಿಶ್ವವಿದ್ಯಾನಿಲಯದ ಮುದ್ರಣಾಲಯವಿದ್ದಿತು. ಕಲೆ ವಿಜ್ಞಾನಗಳ ವಿಭಾಗಗಳಿಗೆ ಪ್ರತ್ಯೇಕವಾದ ಪತ್ರಿಕೆಗಳು ಹೊರಟವು. ಪೀಠ, ಪ್ರಯೋಗಶಾಲೆ, ಗ್ರಂಥಾಲಯ, ವಿದ್ಯಾರ್ಥಿವೇತನ, ಮುದ್ರಣ ಎಂಬ ಈ ಐದು ಅಂಗಗಳಲ್ಲಿ ಒಂದು ಕೊರತೆಯಾದರೂ ಸಂಶೋಧನೆಯು ಕುಂಟುವುದೆಂಬುದನ್ನು ಅವರು ಚೆನ್ನಾಗಿ ತಿಳಿದಿದ್ದರು.

ಕನ್ನಡನಾಡಿಗೂ ಈ ಮಹನೀಯರಿಗೂ ಇದ್ದ ಸಂಬಂಧವು ನೆನೆಯತಕ್ಕದ್ದಾಗಿದೆ. ನಾಲ್ವಡಿ ಕೃಷ್ಣರಾಜ ಒಡೆಯರವರು 1916ರಲ್ಲಿ ಸ್ಥಾಪಿಸಿದ ಮೈಸೂರು ವಿಶ್ವವಿದ್ಯಾನಿಲಯದ ಪ್ರಥಮ ಪದವೀದಾನ ಸಮಾರಂಭವು 1918ರಲ್ಲಿ ನಡೆದಾಗ, ಭಾಷಣವನ್ನು ಮಾಡಲು ಆಶುತೋಷರೇ ಮೈಸೂರಿಗೆ ಬಂದಿದ್ದರು. 1921ರಲ್ಲಿ ಮೈಸೂರಿನ ಮಹಾರಾಜಾ ಕಾಲೇಜಿನ ಪ್ರಾಧ್ಯಾಪಕರಾಗಿದ್ದ ಸರ್ವೇಪಲ್ಲಿ ರಾಧಾಕೃಷ್ಣನ್ನರನ್ನು ಕಲಕತ್ತೆಯ ಐದನೆಯ ಜಾರ್ಜ್ ಪೀಠಕ್ಕೆ ಬರಮಾಡಿಕೊಂಡರು. ಆ ಪೀಠದಲ್ಲಿ ಅವರಿಗಿಂತ ಮೊದಲು ಕುಳಿತಿದ್ದ ಬ್ರಜೇಂದ್ರನಾಥ ಶೀಲರು ಸುಮಾರು ಅದೇ ಕಾಲಕ್ಕೆ ಮೈಸೂರು ವಿಶ್ವವಿದ್ಯಾನಿಲಯದ ಉಪಕುಲಪತಿಗಳಾಗಿ ಬಂದರು. ಎರಡು ನಾಡುಗಳು ತಮ್ಮ ವಿದ್ವಾಂಸರನ್ನು ಹೀಗೆ ಪರಸ್ಪರ ಕೊಟ್ಟುಕೊಂಡವು. ಪ್ರಾಂತ, ಭಾಷೆ, ಮತಗಳ ಭೇದವು ಪೀಠದ ಮೆಟ್ಟಿಲನ್ನು ಏರಬಾರದೆಂಬ ಆಶುತೋಷರ ಉದಾರಭಾವಕ್ಕೆ ಇದೂ ಒಂದು ಸಾಕ್ಷಿ.

ಇಷ್ಟು ದೊಡ್ಡ ಕಾರ್ಯವು ನಿಂದೆಯಿಲ್ಲದೆ ನಡೆಯಲಿಲ್ಲ. ಎಲ್ಲ ಅಧಿಕಾರವನ್ನೂ ಒಬ್ಬರೇ ಕೈಯಲ್ಲಿ ಹಿಡಿದುಕೊಂಡಿದ್ದಾರೆಂದೂ, ಪರೀಕ್ಷೆಗಳನ್ನು ಸಡಿಲಮಾಡಿ ಉತ್ತೀರ್ಣರ ಸಂಖ್ಯೆಯನ್ನು ಹೆಚ್ಚಿಸಿದ್ದಾರೆಂದೂ, ಆದಾಯವನ್ನು ಮೀರಿ ವಿಭಾಗಗಳನ್ನು ತೆರೆದಿದ್ದಾರೆಂದೂ ಆಕ್ಷೇಪಗಳು ಎದ್ದವು. ಇತಿಹಾಸಕಾರ ಜದುನಾಥ ಸರ್ಕಾರರಂತಹ ಹಿರಿಯ ವಿದ್ವಾಂಸರೂ ಆಕ್ಷೇಪಿಸಿದವರಲ್ಲಿ ಇದ್ದರು. ಇವೆಲ್ಲವೂ ಹುರುಳಿಲ್ಲದ ಮಾತುಗಳಲ್ಲ. ಪ್ರವೇಶಪರೀಕ್ಷೆಗೆ ಕುಳಿತ ಸಾವಿರಾರು ಬಾಲಕರ ಶುಲ್ಕವೇ ಉನ್ನತ ವಿದ್ಯೆಯ ವೆಚ್ಚದ ದೊಡ್ಡ ಭಾಗವನ್ನು ಹೊರುತ್ತಿದ್ದಿತು. ಅಸಹಕಾರ ಚಳವಳಿಯ ಕಾಲದಲ್ಲಿ ಪರೀಕ್ಷಾರ್ಥಿಗಳು ಕಡಿಮೆಯಾದರು. ಢಾಕೆಯಲ್ಲಿ ಬೇರೊಂದು ವಿಶ್ವವಿದ್ಯಾನಿಲಯವೂ ತಲೆಯೆತ್ತಿತು. ಆಗ ಬೊಕ್ಕಸವು ಬರಿದಾಯಿತು. ಕೂಡಿಟ್ಟ ಮೇಲೆ ಬಿತ್ತೋಣವೆಂದು ಕಾದಿದ್ದರೆ ಆ ಕೊರತೆಯು ಬರುತ್ತಿರಲಿಲ್ಲವೆಂಬುದು ನಿಜ. ಆದರೆ ರಾಮನ್, ಸಾಹಾ, ಬಸು ಇವರೂ ಬರುತ್ತಿರಲಿಲ್ಲವೆಂಬುದು ಅಷ್ಟೇ ನಿಜ. ಮಳೆಯನ್ನು ನಂಬಿ ಬಿತ್ತುವ ಒಕ್ಕಲಿಗನ ಧೈರ್ಯವು ಆಶುತೋಷರದು.

ಆಂಗ್ಲ ಸರಕಾರಕ್ಕೂ ಅವರಿಗೂ ಘರ್ಷಣೆಯು ಹೊಸದಾಗಿರಲಿಲ್ಲ. 1913ರಲ್ಲಿ ಅಬ್ದುಲ್ ರಸೂಲ್, ಅಬ್ದುಲ್ಲಾ ಸುಹ್ರವರ್ದಿ, ಕಾಶೀಪ್ರಸಾದ ಜಯಸ್ವಾಲ ಎಂಬ ಮೂವರನ್ನು ವಿಶ್ವವಿದ್ಯಾನಿಲಯವು ಉಪನ್ಯಾಸಕರನ್ನಾಗಿ ಆರಿಸಿದಾಗ, ರಾಜಕೀಯ ಚಳವಳಿಯ ಸಂಬಂಧವುಳ್ಳವರೆಂಬ ಕಾರಣದಿಂದ ಸರಕಾರವು ಅವರನ್ನು ಒಪ್ಪಲಿಲ್ಲ. ಆ ಗಾಯವನ್ನು ಆಶುತೋಷರು ಮರೆಯಲಿಲ್ಲ. 1921ರಲ್ಲಿ ಅವರು ಮತ್ತೆ ಉಪಕುಲಪತಿಗಳಾದಾಗ ಪರೀಕ್ಷೆಯು ಇನ್ನೂ ಕಠಿನವಾಗಿ ಎದುರಾಯಿತು. ಅಧ್ಯಾಪಕರ ಸಂಬಳವನ್ನು ಕೊಡುವುದೇ ಕಷ್ಟವಾಗಿದ್ದ 1922ರಲ್ಲಿ, ಬಂಗಾಲದ ಸರಕಾರವು ಎರಡೂವರೆ ಲಕ್ಷ ರೂಪಾಯಿಗಳನ್ನು ಕೊಡಲು ಮುಂದೆ ಬಂದಿತು. ಆದರೆ ಆ ಹಣದೊಡನೆ ವಿಶ್ವವಿದ್ಯಾನಿಲಯದ ಆಡಳಿತವನ್ನೂ ಬೆಳವಣಿಗೆಯನ್ನೂ ಸರಕಾರದ ಅಂಕೆಗೆ ಒಳಪಡಿಸುವ ನಿಬಂಧನೆಗಳು ಬಂದವು. ಪಾಲಿತರ ನಿಬಂಧನೆಗಳನ್ನು ಒಪ್ಪಿದ ಕೈಯೇ ಇವನ್ನು ತಳ್ಳಿತು. ವಿದ್ಯೆಗೆ ದಾರಿ ಮಾಡುವ ನಿಬಂಧನೆ ಬೇರೆ, ವಿದ್ಯೆಗೆ ಸಂಕೋಲೆಯಾಗುವ ನಿಬಂಧನೆ ಬೇರೆ. ಸೆನೇಟ್ ಸಭೆಯಲ್ಲಿ ಆಶುತೋಷರು ಮಾಡಿದ ಭಾಷಣವು ವಿದ್ಯಾಸ್ವಾತಂತ್ರ್ಯದ ಇತಿಹಾಸದಲ್ಲಿ ಚಿರಸ್ಮರಣೀಯವಾದುದು. ಸ್ವಾತಂತ್ರ್ಯವೇ ಮೊದಲು, ಉಳಿದುದೆಲ್ಲವೂ ಅದರ ಹಿಂದೆ ಎಂಬುದೇ ಅದರ ಸಾರವಾಗಿದ್ದಿತು. ಸೆನೇಟು ಆ ಹಣವನ್ನು ನಿರಾಕರಿಸಿತು.

ಮರುವರುಷದ ಮಾರ್ಚ್ ತಿಂಗಳಿನಲ್ಲಿ ಗವರ್ನರ್ ಲಾರ್ಡ್ ಲಿಟ್ಟನ್ನರು, ಸರಕಾರದೊಡನೆ ಸಹಕರಿಸಿ ನಡೆಯುವುದಾದರೆ ಅವರನ್ನು ಮತ್ತೆ ನೇಮಿಸುವುದಾಗಿ ತಿಳಿಸಿದರು. ಆಶುತೋಷರು ಆ ಪತ್ರಕ್ಕೆ ತೀಕ್ಷ್ಣವಾದ ಉತ್ತರವನ್ನು ಬರೆದು, ಅಪಮಾನಕರವಾದ ಕರಾರಿನ ಮೇಲೆ ತಮಗೆ ಆ ಸ್ಥಾನವು ಬೇಡವೆಂದು ಬಿಟ್ಟುಕೊಟ್ಟರು. ವೇತನವಿಲ್ಲದ, ನಿದ್ರೆಯನ್ನು ಕಸಿದುಕೊಂಡಿದ್ದ, ಆದರೂ ಪ್ರಾಣದಷ್ಟು ಪ್ರಿಯವಾಗಿದ್ದ ಆ ಸ್ಥಾನವನ್ನು ಅವರು ಬಿಟ್ಟುದು ತಾವು ಕಟ್ಟಿದುದರ ಮಾನವನ್ನು ಉಳಿಸುವುದಕ್ಕಾಗಿ.

ಹೊರಗೆ ಬಂಗಾಲದ ಹುಲಿಯೆಂದು ಹೆಸರಾಗಿದ್ದ ಇವರು ಮನೆಯಲ್ಲಿ ಮಾತೃಭಕ್ತರು. ಇಂಗ್ಲೆಂಡಿಗೆ ಹೋಗಿಬರುವಂತೆ ಲಾರ್ಡ್ ಕರ್ಜನ್ನರು ಸೂಚಿಸಿದಾಗಲೂ, ತಾಯಿಯು ಒಪ್ಪದ ಕಾರಣ ಅವರು ಹೋಗಲಿಲ್ಲ. ಆದರೆ ಧರ್ಮದ ತಿರುಳಿಗೂ ರೂಢಿಯ ಸಿಪ್ಪೆಗೂ ಇರುವ ಭೇದವನ್ನು ಅವರು ಬಲ್ಲವರಾಗಿದ್ದರು. ಬಾಲ್ಯದಲ್ಲಿಯೇ ವಿಧವೆಯಾದ ಮಗಳು ಕಮಲೆಗೆ, ಸಮಾಜದ ವಿರೋಧವನ್ನು ಲೆಕ್ಕಿಸದೆ, 1908ರಲ್ಲಿ ಪುನರ್ವಿವಾಹವನ್ನು ಮಾಡಿಸಿದರು. ದುರ್ದೈವದಿಂದ ಆಕೆಯು ಮತ್ತೆ ವೈಧವ್ಯವನ್ನು ಅನುಭವಿಸಿ 1923ರಲ್ಲಿ ತೀರಿಕೊಂಡಳು. ಆ ದುಃಖವನ್ನೂ ಅವರು ವಿದ್ಯೆಗೇ ಅರ್ಪಿಸಿದರು; ಮಗಳ ಹೆಸರಿನಲ್ಲಿ ವಿಶ್ವವಿದ್ಯಾನಿಲಯದಲ್ಲಿ ಕಮಲಾ ಉಪನ್ಯಾಸಗಳ ದತ್ತಿಯನ್ನು ಸ್ಥಾಪಿಸಿದರು.

ನ್ಯಾಯಪೀಠದಿಂದ ನಿವೃತ್ತರಾಗಿ ಮತ್ತೆ ವಕೀಲಿಯನ್ನು ಕೈಕೊಂಡಿದ್ದ ಆಶುತೋಷರು ಒಂದು ದೊಡ್ಡ ವ್ಯಾಜ್ಯಕ್ಕಾಗಿ ಪಾಟ್ನಾಕ್ಕೆ ಹೋಗಿದ್ದಾಗ, 1924ರ ಮೇ 25ರಂದು ಹಠಾತ್ತಾಗಿ ದೈವಾಧೀನರಾದರು. ಆಗ ಅವರಿಗೆ ಅರುವತ್ತು ವರುಷಗಳು ತುಂಬಿರಲಿಲ್ಲ. ಅವರು ಕೂಡಿಸಿದ್ದ ಎಂಬತ್ತು ಸಾವಿರಕ್ಕೂ ಮೇಲ್ಪಟ್ಟ ಗ್ರಂಥಗಳ ಸಂಗ್ರಹವನ್ನು ಅವರ ಮಕ್ಕಳು 1949ರಲ್ಲಿ ಕಲಕತ್ತೆಯ ರಾಷ್ಟ್ರೀಯ ಗ್ರಂಥಾಲಯಕ್ಕೆ ಒಪ್ಪಿಸಿದರು.

ಬಿತ್ತಿದ ಬೀಜಗಳು ಫಲಕೊಟ್ಟುದನ್ನು ಅವರು ಪೂರ್ಣವಾಗಿ ಕಾಣಲಿಲ್ಲ. ಅವರು ತೀರಿಕೊಂಡ ನಾಲ್ಕು ವರುಷಗಳ ತರುವಾಯ, 1928ರಲ್ಲಿ, ರಾಮನ್ನರು ಬೆಳಕಿನ ಚದರುವಿಕೆಯ ರಹಸ್ಯವನ್ನು ಬಿಡಿಸಿದರು. 1930ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕವು ದೊರೆಯಿತು. 1933ರಲ್ಲಿ ಬೆಂಗಳೂರಿಗೆ ಬಂದು, ಕನ್ನಡನಾಡಿನಲ್ಲಿಯೇ ತಮ್ಮ ಉಳಿದ ಆಯುಷ್ಯವನ್ನು ಕಳೆದರು. ಗಣಿತಪೀಠವೊಂದಕ್ಕೆ ಹಣ ಕೂಡದೆ ವಕೀಲನಾದ ತರುಣನು ಅನೇಕ ಪೀಠಗಳನ್ನು ಕಟ್ಟಿದುದರ ಫಲವು ಹೀಗೆ ಲೋಕಕ್ಕೆಲ್ಲ ಸಂದಿತು.

ಮಠಗಳು ಅನ್ನವನ್ನೂ ಅಕ್ಷರವನ್ನೂ ಒಟ್ಟಿಗೆ ಇಕ್ಕುತ್ತ ಬಂದಿವೆ. ಪಾಠಶಾಲೆ, ಪ್ರಸಾದನಿಲಯ, ಕಾಲೇಜುಗಳನ್ನು ನಡೆಯಿಸುವವರಿಗೆಲ್ಲ ಆಶುತೋಷರ ಚರಿತ್ರವು ಕೈದೀಪವಾಗಿದೆ. ದಾನಿಯ ಹಣಕ್ಕೆ ಲೆಕ್ಕವಿರಲಿ. ಆರಿಸಿದ ವಿದ್ವಾಂಸನಲ್ಲಿ ನಂಬುಗೆಯಿರಲಿ. ಹೊರಗಿನ ಒತ್ತಾಯಕ್ಕೆ ಮಣಿಯದ ಬೆನ್ನೆಲುಬಿರಲಿ. ಉಗ್ರಾಣಿಯು ಎಚ್ಚರವಾಗಿದ್ದಲ್ಲಿ ದಾಸೋಹವು ನಿಲ್ಲದು. ಹಸಿದು ಬಂದ ಜ್ಞಾನಾರ್ಥಿಯು ಬರಿಗೈಯಲ್ಲಿ ಮರಳಲಾರನು.